ಇನ್ನರ್ಧ ಹೆಜ್ಜೆ

ಲಿಂಡನ್ ಮರದ ಕೆಳಗೆ ಒಂದು ಬಾವಿ ಇದೆಯಲ್ಲ, ಅಲ್ಲೇ ಆಗಿದ್ದು. ನಗಬೇಡ ಪಾವೊಲ್. ನಗೋದಾದ್ರೆ ಎದ್ದು ಹೊರಡು, ಆ ದಾರೀಲಿ ಒಬ್ಬನೇ ಮನೆಗೆ ಹೋಗು, ನಿನ್ನ ಧೈರ್ಯಾನೂ ನೋಡೇಬಿಡ್ತೀನಿ... ಕೂತ್ಕೊಂಡೆಯಾ? ಹಾಗಾದ್ರೆ ಬಾಯ್ಮುಚ್ಚಿ ಕೇಳು.

ನಮ್ಮ ಯಾರ್ಮಿಲಾಗೆ ಆಗಿದ್ದು ಇದು. ನನ್ನ ಚಿಕ್ಕಮ್ಮನ ಮಗಳು. ದೆವ್ವ ಅಂದ್ರೆ ಮೂಗು ಮುರಿಯೋಳು. ಗುಡ್ಡದ ಮೇಲಿನ ಲ್ಯಾಬಲ್ಲಿ ಹುಡುಗರಿಗೆ ಲೆಕ್ಕ ಕಲಿಸ್ತಾಳೆ. ಅತಿವಾಹಕ ತಂತಿ ಅಂತ ಇದೆ, ಭಯಂಕರ ತಣ್ಣಗಿಟ್ರೆ ಅದರಲ್ಲಿ ಕರೆಂಟು ಒಂಚೂರೂ ಪೋಲಾಗದೆ ಹರಿಯುತ್ತೆ. ಆದ್ರೆ ಕರೆಂಟು ಹಿಂದೆ ಮುಂದೆ ಆಡೋಕೆ ಶುರುವಾಯ್ತೋ, ಸ್ವಲ್ಪ ಪೋಲಾಗಿ ಬಿಸಿಯಾಗುತ್ತೆ. ಎಷ್ಟು ಬಿಸಿ? ತಂತೀನ ಕಂಪ್ಯೂಟರಲ್ಲಿ ಸಣ್ಣ ಸಣ್ಣ ಚೌಕ ಮಾಡಿ ಲೆಕ್ಕ ಹಾಕಬೇಕು. ಎಡ ಬಲ ಎರಡೂ ಒಂದೇ ಥರ ಅಲ್ವಾ, ಅದಕ್ಕೆ ಅರ್ಧಕ್ಕೆ ಮಾತ್ರ ಹಾಕ್ತಾರೆ, ಬೇಗ ಮುಗಿಯಲಿ ಅಂತ. ಕೊನೆಗೆ ಎರಡರಿಂದ ಗುಣಿಸಬೇಕು. ಮರೆಯೋ ಹಾಗಿಲ್ಲ.

ಅವಳಿಗೆ ಇದನ್ನ ಕಲಿಸಿದ್ದು ಬೆಡ್ನಾರ್ ಮೇಷ್ಟ್ರು. ಲಕ್ವ ಹೊಡೆದು ಎಡಗಾಲು ಎಳ್ಕೊಂಡು ನಡೀತಿದ್ರು. ಲ್ಯಾಬಿಗೆ ಹೋದವರೆಲ್ಲ ಬಾಗಿಲಲ್ಲೇ ಬೂಟು ಬಿಚ್ಚಿ ಚಪ್ಪಲಿ ಹಾಕ್ಕೋಬೇಕಲ್ಲ, ಮೇಷ್ಟ್ರ ಚಪ್ಪಲಿ ಸದ್ದು ದೂರದಿಂದಲೇ ಗೊತ್ತಾಗೋದು. ಚಪ್... ಸರ್ರ್. ಚಪ್... ಸರ್ರ್. ಹುಡುಗರ ಬೆನ್ನ ಹಿಂದೆ ಬಂದು ನಿಂತು, "ಇನ್ನರ್ಧ ಎಲ್ಲಪ್ಪಾ?" ಅನ್ನೋರು. ಅವರು ತೀರಿಕೊಂಡ್ಮೇಲೂ ಆ ಜೋಡಿ ಬಾಗಿಲ ಪಕ್ಕದ ಹಲಗೆ ಮೇಲೇ ಉಳೀತು. ತೆಗೆದು ಬಿಸಾಡೋಕೆ ಯಾರಿಗೂ ಮನಸ್ಸು ಬರಲಿಲ್ಲ.

ಸತ್ತವರಿಗೆ ದೀಪ ಹಚ್ಚೋ ವಾರ ಅದು. ಮಾರನೇ ದಿನ ಲ್ಯಾಬಲ್ಲಿ ಆ ತಂತಿಯ ದೊಡ್ಡ ಸುರುಳಿಯ ಪರೀಕ್ಷೆ. ಸುರುಳೀನ ದ್ರವ ಸಾರಜನಕದಲ್ಲಿ ಮುಳುಗಿಸಿ ಮೇಲೆ ಮುಚ್ಚಳ ಬಿಗೀತಾರೆ. ಸುರುಳಿ ಬಿಸಿಯಾದಷ್ಟೂ ಆ ದ್ರವ ಕುದಿಯುತ್ತೆ, ಆವಿ ಹೋಗೋಕೆ ಕಿಂಡಿ ಬೇಕು. ಕಿಂಡಿ ಎಷ್ಟು ದೊಡ್ಡದಿರಬೇಕು ಅಂತ ಲೆಕ್ಕ ಹಾಕಿದ್ದು ಟಿಮೊಟೆಯ್, ಇವಳ ವಿದ್ಯಾರ್ಥಿ. ಇವಳು ನೋಡಿ ಸರಿ ಅಂದಿದ್ಲು. ಮುಚ್ಚಳದ ಮೇಲೆ ಬಗ್ಗಿ ನಿಲ್ಲಬೇಕಾದೋನೂ ಅವನೇ. ಕಿಂಡಿ ಸಾಲದೇ ಹೋದ್ರೆ ಆ ಮುಚ್ಚಳ ಸೀದಾ ಅವನ ಮುಖಕ್ಕೇ.

ಯಾರ್ಮಿಲಾ ರಾತ್ರಿ ಲ್ಯಾಬಿಂದ ಮನೆಗೆ ಬಾವಿ ದಾರೀಲಿ ನಡ್ಕೊಂಡು ಬರ್ತಾ ಇದ್ಲು. ಮಂಜು. ಸ್ಮಶಾನದ ಕೆಂಪು ದೀಪಗಳು ಮಸುಕು ಮಸುಕು. ಬಾವಿ ಸರಪಳಿ ಕಿರ್ರ್ ಅಂತು. ಗಾಳಿ ಇರಲಿಲ್ಲ.

ಆಮೇಲೆ ಹಿಂದಿನಿಂದ... ಚಪ್.

ನಿಂತಳು. ಏನೂ ಇಲ್ಲ. ಎರಡು ಹೆಜ್ಜೆ ಇಟ್ಟಳು.

ಚಪ್...

ಆ ಸದ್ದು ಅವಳಿಗೆ ಗೊತ್ತು. ಮುಂದೆ ಸರ್ರ್ ಬರಬೇಕು ಅಂತಾನೂ ಗೊತ್ತು. ಉಸಿರು ಬಿಗಿ ಹಿಡಿದು ಕಾದಳು. ಬರಲಿಲ್ಲ. ಮತ್ತೆ ಚಪ್... ಇನ್ನೂ ಹತ್ತಿರ. ಒಂದೇ ಕಾಲು. "ಬರದೇ ಇದ್ದ ಸದ್ದಿಗೇ ಕಣೋ ಅಣ್ಣ ನಾನು ನಡುಗಿಹೋಗಿದ್ದು" ಅಂದ್ಲು ನನ್ನ ಹತ್ರ.

ಚಪ್. ಬೆನ್ನ ಹಿಂದೇನೇ.

ತಿರುಗಿ ನೋಡಲಿಲ್ಲ. ತಿರುಗೋಕೆ ಕತ್ತು ಕೇಳಬೇಕಲ್ಲ! ಇನ್ನರ್ಧ ಎಲ್ಲಿ, ಇನ್ನರ್ಧ ಎಲ್ಲಿ ಅಂತ ತಲೆಯಲ್ಲಿ ಓಡ್ತಾ ಇತ್ತಂತೆ... ಥಟ್ಟನೆ ಹುಡುಗನ ಲೆಕ್ಕ ನೆನಪಾಯ್ತು. ಫೋನು ಒತ್ತಿದಳು.

"ಟಿಮೊಟೆಯ್... ಎಲ್ಲಿದ್ದೀಯಾ?"

"ಲ್ಯಾಬಲ್ಲೇ ಮೇಡಂ. ಯಾಕೆ ಪಿಸುಗುಡ್ತಿದ್ದೀರಾ?"

"ನಿನ್ನ ಲೆಕ್ಕ ತೆಗಿ. ತಂತಿ ಅರ್ಧ ತಗೊಂಡ್ಯಾ, ಪೂರ್ತಿನಾ?"

"ಅರ್ಧ. ನೀವು ಹೇಳಿಕೊಟ್ಟ ಹಾಗೇ."

"ಕೊನೆಗೆ ಗುಣಿಸಿದ್ಯಾ?"

ಕೀಲಿಮಣೆ ಟಕಟಕ ಅಂತು.

"ಹೇಳೋ!"

"...ಇಲ್ಲ ಮೇಡಂ."

ಅಷ್ಟೇ. ಬೆನ್ನ ಹಿಂದೆ ಮತ್ತೆ ಏನೂ ಕೇಳಿಸಲಿಲ್ಲ. ಅವಳು ಮನೆ ಬಾಗಿಲವರೆಗೂ ಓಡಿದಳು, ಬಂದು ಒಲೆ ಮುಂದೆ ಕೂತವಳು ಬೆಳಗಾಗೋವರೆಗೂ ಏಳಲಿಲ್ಲ.

ಬೆಳಿಗ್ಗೆ ಒಬ್ಬಳೇ ಹೋಗಲ್ಲ ಅಂತ ಹಟ ಹಿಡಿದ್ಲು, ಕಾರಲ್ಲಿ ನಾನೇ ಬಿಟ್ಟೆ, ಅಲ್ಲೇ ಉಳ್ಕೊಂಡೆ. ಕಿಂಡಿ ದೊಡ್ಡದು ಮಾಡಿಸಿದ್ರು, ಎಲ್ಲರನ್ನೂ ಗೋಡೆ ಆಚೆ ನಿಲ್ಲಿಸಿದ್ರು. ಕರೆಂಟು ಬಿಟ್ಟಿದ್ದೇ ತಡ, ಬುಸ್ಸ್ ಅಂತ ಬಿಳೀ ಆವಿ ಛಾವಣಿ ಮುಟ್ತು, ಮುಚ್ಚಳ ಗಡಗಡ ಗಡಗಡ ಅಂತ ಒದ್ದಾಡ್ತು. ಅಷ್ಟು ದೊಡ್ಡ ಕಿಂಡಿ ಇದ್ದೂನೂ! ಟಿಮೊಟೆಯ್ ಅಲ್ಲೇ ನೆಲದ ಮೇಲೆ ಕುಸಿದು ಕೂತ. "ನಾನು ಅಲ್ಲಿ ಬಗ್ಗಿ ನಿಂತಿರ್ತಿದ್ದೆ ಮೇಡಂ" ಅಂತ ಅಷ್ಟನ್ನೇ ಹೇಳ್ತಿದ್ದ. ಇವಳು ಅವನ ತಲೆ ಹಿಡ್ಕೊಂಡು ಅತ್ತುಬಿಟ್ಲು. ನನ್ನ ಕಣ್ಣಲ್ಲೂ ನೀರು ಬಂತು, ಸುಳ್ಳು ಯಾಕೆ ಹೇಳ್ಲಿ.

ನಿಮಗ್ಯಾರಿಗಾದ್ರೂ ಸುಳ್ಳು ಅನ್ನಿಸಿದ್ರೆ ಟಿಮೊಟೆಯ್‌ನ ಕೇಳಿ, ಬದುಕಿದ್ದಾನಲ್ಲ. ಇಲ್ಲ ನನ್ನನ್ನ ಕೇಳಿ. ಹೊರಡೋವಾಗ ಬೂಟು ಹಾಕ್ಕೊಳ್ತಾ ಆ ಹಲಗೆ ನೋಡಿದೋನು ನಾನು. ಬೆಡ್ನಾರ್ ಮೇಷ್ಟ್ರ ಚಪ್ಪಲಿ ಜೋಡಿ ಇದ್ದಲ್ಲೇ ಇತ್ತು. ಎಡಗಾಲಿನದರ ಮೇಲೆ ದಪ್ಪಗೆ ಧೂಳು, ಯಾರೂ ಮುಟ್ಟಿಲ್ಲ. ಬಲಗಾಲಿನದಕ್ಕೆ ಹಸೀ ಕೆಸರು ಮೆತ್ತಿತ್ತು, ಒಂದು ಲಿಂಡನ್ ಎಲೆ ಅಂಟ್ಕೊಂಡಿತ್ತು.