ಪಾಲಿನ ಗೋಡೆಯ ಕಿಂಡಿ ಮತ್ತು ಚಿಮಣಿಯ ಪೈಪು

ನನ್ನ ಹೆಸರು ದೇವಕ್ಕ, ಗಂಡ ಅಂದಾನೆಪ್ಪ ಪಟ್ಟೇದ, ವಯಸ್ಸು 58, ಉದ್ಯೋಗ ಮನೆಗೆಲಸ, ಸಾಕಿನ್ ಹಳೆ ಪೇಟೆ ಗಲ್ಲಿ, ಬೈಲಹೊಂಗಲ. ಗೌರೀಶ ಪಟ್ಟೇದ ಕೊಟ್ಟ ದೂರಿನ ಬಗ್ಗೆ ಠಾಣೆಯಲ್ಲಿ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ:

ಗೌರೀಶ ನನ್ನ ಮೈದುನನ ಮಗ. ಇಪ್ಪತ್ತು ವರ್ಷದ ಹಿಂದೆ ಅಣ್ಣತಮ್ಮಂದಿರು ಪಾಲಾದಾಗ ಒಂದೇ ಮನೆಯ ನಡುವೆ ಗೋಡೆ ಎದ್ದಿತು. ಒಲೆ ಎರಡಾದರೂ ಕೊಡುಕೊಳ್ಳುವುದು ನಿಲ್ಲಬಾರದೆಂದು ನಮ್ಮ ಅತ್ತೆ ಆ ಗೋಡೆಯಲ್ಲಿ ಒಂದು ಕಿಂಡಿ ಬಿಡಿಸಿದ್ದರು. ರೊಟ್ಟಿ, ಪಲ್ಯ, ಹಬ್ಬದ ಹೋಳಿಗೆ ಎಲ್ಲವನ್ನೂ ನಾನೂ ನೆಗೆಣ್ಣಿ ರಾಚವ್ವನೂ, ಅಂದರೆ ಗೌರೀಶನ ತಾಯಿಯೂ, ಅದರಲ್ಲೇ ದಾಟಿಸುತ್ತಿದ್ದೆವು. ಗೌರೀಶ ಚಿಕ್ಕವನಿದ್ದಾಗ ಆ ಕಿಂಡಿಗೆ ಬಾಯಿ ಹಚ್ಚಿ ‘ದೊಡ್ಡವ್ವಾ, ಉಪ್ಪಿನಕಾಯಿ ಕೊಡಬೇ’ ಎಂದು ಕೂಗುತ್ತಿದ್ದ.

ಕಳೆದ ತಿಂಗಳು ಅವನು ಅಡುಗೆಮನೆ ಹೊಸದು ಮಾಡಿಸಿ, ಒಲೆಯ ಮೇಲೆ ಹೊಗೆ ಎಳೆಯುವ ಚಿಮಣಿ ಕೂಡಿಸಿದ. ಹಿತ್ತಲ ಗೋಡೆ ಒಡೆದು ಪೈಪನ್ನು ನೇರ ಹೊರಗೆ ಬಿಡಬೇಕೆಂದು ಬೆಳಗಾವಿಯ ಫಿಟ್ಟರ್ ಹೇಳಿದ್ದನಂತೆ. ಹೊಸ ಟೈಲ್ಸ್ ಒಡೆಯಲು ಗೌರೀಶನ ಹೆಂಡತಿ ಉಮಾಶ್ರೀ ಒಪ್ಪಲಿಲ್ಲವಂತೆ. ತಯಾರಾದ ತೂತು ನಮ್ಮ ಕಡೆ ಇದ್ದೇ ಇತ್ತಲ್ಲ, ಪೈಪನ್ನು ಆ ಕಿಂಡಿಯಲ್ಲಿ ತೂರಿಸಿದರು. ನಾನು ಆಗ ತವರುಮನೆ ಮನೋಳಿಯಲ್ಲಿದ್ದೆ. ನನ್ನ ಗಂಡನಿಗೆ ದಮ್ಮಿನ ರೋಗ, ಕಿಂಡಿಯ ಕೆಳಗೇ ಅವರ ಹಾಸಿಗೆ. ಯಾಕೆ ಸುಮ್ಮನಿದ್ದಿರಿ ಎಂದು ಬಂದು ಕೇಳಿದ್ದಕ್ಕೆ, ‘ಹುಡುಗ ಕೇಳಿದ. ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ’ ಎಂದರು.

ಅಂದಿನಿಂದ ಅವರ ಹೊಗೆಯೆಲ್ಲ ನಮ್ಮ ಮನೆಗೆ. ಗೌರೀಶನಿಗೆ ಹೇಳಿದರೆ, ‘ಗ್ಯಾಸಿನ ಒಲಿ ಐತಿ ದೊಡ್ಡವ್ವ, ಅದರಿಂದ ಏನ್ ತ್ರಾಸ ಆಗತೈತಿ?’ ಎಂದ. ತ್ರಾಸ ಆಗದ ಹೊಗೆಯನ್ನು ಅವನೇ ಇಟ್ಟುಕೊಳ್ಳಬಹುದಿತ್ತು. ರಾಚವ್ವ ಕೇಳಿಯೂ ಕೇಳದವಳಂತೆ ಒಳಗೆ ಹೋದಳು. ಪಂಚಮಿಯ ದಿನ ಉಂಡಿಯ ತಟ್ಟೆ ಹಿಡಿದು, ರೂಢಿಯಿಂದ, ಕಿಂಡಿಯ ಮುಂದೆ ಹೋಗಿ ನಿಂತೆ. ಒಗ್ಗರಣೆಯ ಘಾಟು ಮುಖಕ್ಕೆ ಹೊಡೆಯಿತು. ತಟ್ಟೆಯನ್ನು ವಾಪಸು ಇಟ್ಟೆ.

ದಿನಾಂಕ 14-8-2005, ರವಿವಾರ ಮಧ್ಯಾಹ್ನ ಸುಮಾರು 12-30ಕ್ಕೆ ಅವರ ಮನೆಗೆ ಕಿತ್ತೂರಿನ ಬೀಗರು ಬಂದಿದ್ದರು. ಮೆಣಸಿನಕಾಯಿ ಭಜಿ ಕರಿಯುತ್ತಿದ್ದರು. ನನ್ನ ಗಂಡನಿಗೆ ಉಸಿರು ಸಿಕ್ಕಿಕೊಂಡಿತು, ತುಟಿ ನೀಲಿಯಾಯಿತು. ಮಶೀನ್ ಬಂದ್ ಮಾಡಿರೆಂದು ಗೋಡೆ ಬಡಿದು ಕೂಗಿದೆ. ಯಾರೂ ಓಗೊಡಲಿಲ್ಲ. ಹಳೆ ಕೌದಿಯನ್ನು ಸುತ್ತಿ ಪೈಪಿನ ಬಾಯಿಗೆ ತುರುಕಿದೆ. ಹೊಗೆ ಅವರ ಕಡೆಗೇ ತಿರುಗಿತು, ಬೀಗರು ಕೆಮ್ಮುತ್ತ ಓಣಿಗೆ ಓಡಿದರು, ಚಿಮಣಿಯ ಮೋಟಾರು ಸುಟ್ಟುಹೋಯಿತು. ತುರುಕಿದವಳು ನಾನೇ. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಹಾಗೆಂದೇ ಬರೆದುಕೊಳ್ಳಬೇಕು.

ಗಂಡನನ್ನು ಆಟೋದಲ್ಲಿ ದವಾಖಾನೆಗೆ ಒಯ್ಯುವಾಗ ಗೌರೀಶ ತನ್ನ ಬಾಗಿಲಲ್ಲೇ ನಿಂತಿದ್ದ. ದೊಡ್ಡಪ್ಪನಿಗೆ ಏನಾಯಿತೆಂದು ಕೇಳಲಿಲ್ಲ. ಅವರು ಇನ್ನೂ ಆಕ್ಸಿಜನ್ ಮೇಲಿದ್ದಾರೆ. ನಮ್ಮ ಬಾಗಿಲು ಅವನ ಬಾಗಿಲಿಗೆ ಹತ್ತಿಕೊಂಡೇ ಇದೆ, ಠಾಣೆ ದೂರ. ಅವನು ಠಾಣೆಗೆ ಬಂದ.

ಪೈಪನ್ನು ತೆಗೆಸಿ ಕೊಡಬೇಕು. ತೆಗೆದ ಮೇಲೆ ಕಿಂಡಿ ಮೊದಲಿನಂತೆ ಇರಲೆಂದು ರಾಚವ್ವ ನಿನ್ನೆ ಹೇಳಿ ಕಳಿಸಿದ್ದಾಳೆ. ಬೇಡ. ಅವರು ಇಟ್ಟಿಗೆ ಇಟ್ಟು ಮುಚ್ಚಲಿ. ನಮ್ಮ ಕಡೆಯ ಗಿಲಾವು ನಾನೇ ಮಾಡಿಸುತ್ತೇನೆ.

ಮೇಲೆ ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಬೈಲಹೊಂಗಲ
ದಿನಾಂಕ: 16-8-2005
ಸಹಿ: ದೇವಕ್ಕ ಅಂ. ಪಟ್ಟೇದ