ಬೀಗರ ಔಷಧ

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಹೆಸರು ಕೇಳಬೇಡಿ. ಹೇಳಿದರೆ ನೀವು ಕಥೆ ಬಿಟ್ಟು ಅವನ ಮನೆ ಯಾವ ಓಣಿಯಲ್ಲಿದೆ ಎಂದು ಹುಡುಕುತ್ತೀರಿ. ಹತ್ತಿ ವ್ಯಾಪಾರದ ಸಾಹುಕಾರ, ಅಷ್ಟು ಸಾಕು. ಪೇಟೆಯಲ್ಲಿ ಹತ್ತಿಯ ಸವಾಲು, ಅಂದರೆ ಹರಾಜು, ನಡೆಯುವಾಗ ಅವನು ಬಾಯಿ ತೆರೆದರೆ ಉಳಿದವರು ಬಾಯಿ ಮುಚ್ಚುತ್ತಿದ್ದರು. ಅವನ ಗಿರಣಿ, ಅವನ ಗೋದಾಮು, ಅವನ ಮಾಳಿಗೆ ಮನೆ, ಎಲ್ಲವನ್ನೂ ಕಟ್ಟಿದ್ದು ಆ ನಾಲಿಗೆ.

ನೋಡಿ, ಆ ನಾಲಿಗೆಯ ಅಂಚಿನಲ್ಲೇ ಒಂದು ಹುಣ್ಣು ಎದ್ದಿತು.

ಯಾಕೆ ಎದ್ದಿತು? ನನ್ನನ್ನು ಕೇಳುತ್ತೀರಾ? ಈ ಮಠದ ಅಂಗಳದಲ್ಲಿ ಕುಳಿತ ಕೆಲವರ ಗಲ್ಲ ಈಗಲೂ ಒಂದು ಕಡೆ ಉಬ್ಬಿದೆ, ನನಗೆ ಇಲ್ಲಿಂದ ಕಾಣುತ್ತದೆ. ಉಗುಳಲು ಎದ್ದು ಹೋಗಬೇಡಿ, ಕುಳಿತುಕೊಳ್ಳಿ. ತಂಬಾಕನ್ನು ಸುಣ್ಣದಲ್ಲಿ ತಿಕ್ಕಿ ಬಾಯಿಗಿಟ್ಟರೆ ಮಾತ್ರ ಸಾಹುಕಾರನಿಗೆ ವ್ಯಾಪಾರ ಹೊಳೆಯುತ್ತಿತ್ತು. ಹುಣ್ಣು ಬಂದಾಗ ಅವನು ಚಟ್ನಿಯನ್ನು ಬೈದ. ಹಲ್ಲನ್ನು ಬೈದ. ಕೊನೆಗೆ ಹೆಂಡತಿ ಮಾಡಿದ ರೊಟ್ಟಿಯನ್ನು ಬೈದ.

"ಏನ್ರೀ, ದಿನಾ ಬರೇ ಮಜ್ಜಿಗಿ ಅನ್ನ ಉಣ್ಣಾಕತ್ತೀರಿ. ರೊಟ್ಟಿ ಯಾಕ ಮುಟ್ಟವಲ್ರಿ?"

"ನಿನ್ನ ರೊಟ್ಟಿ ಕಲ್ಲಾಗ್ಯಾವ."

"ನನ್ನ ಮದಿವಿ ಮಾಡ್ಕೊಂಡಾಗಿಂದ ಅವ ರೊಟ್ಟಿ ತಿಂದೀರಿ. ಬಾಯಿ ತಗೀರಿ, ನೋಡೂಣು."

ಅವಳು ನೋಡಿದಳು. ಮಾರನೆಯ ದಿನವೇ ಗಂಡನನ್ನು ಶಹರದ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಳು. ಅಲ್ಲಿಯ ಡಾಕ್ಟರಮ್ಮ ಹುಣ್ಣಿನ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಕ್ಯಾನ್ಸರ್ ಎಂದು ತಿಳಿಸಿದಳು. ಆಗ ಸಾಹುಕಾರ ಕೇಳಿದ ಮೊದಲ ಪ್ರಶ್ನೆ ಯಾವುದು ಗೊತ್ತೇ? ನಾನು ಬದುಕುತ್ತೇನೆಯೇ ಎಂದಲ್ಲ. ನನ್ನ ಮಾತು ಉಳಿಯುತ್ತದೆಯೇ ಎಂದಲ್ಲ.

"ನಮ್ಮ ಬೀಗರಿಗೆ ನೀವು ಏನ ಹಾಕಿದ್ರಿ?"

ಬೀಗ ಎಂದರೆ ಮಗಳ ಮಾವ. ಹಿಂದಿನ ವರ್ಷ ಅವನ ಗಲ್ಲದಲ್ಲೂ ಇದೇ ರೋಗ ಬಂದಿತ್ತು, ಇದೇ ದವಾಖಾನೆಯಲ್ಲಿ ವಾಸಿಯಾಗಿತ್ತು. ಈಗ ಅವನು ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು ತಿನ್ನುತ್ತಾನೆ. ಬೀಗರೆಂದರೆ ಹೇಗೆ ಎಂದು ನಿಮಗೆ ನಾನು ಹೇಳಬೇಕೇ? ಅವರು ಬಸುರಿ ಸೊಸೆಯ ಕುಬುಸಕ್ಕೆ ಬ್ಯಾಂಡ್ ತರಿಸಿದರೆ ಇವನು ತೊಟ್ಟಿಲ ಕಾರ್ಯಕ್ಕೆ ಎರಡು ಬ್ಯಾಂಡ್ ತರಿಸಿದ. ಎರಡೂ ಒಟ್ಟಿಗೇ ಬಾರಿಸಿದವು, ಕೂಸು ಸಂಜೆಯವರೆಗೆ ಅತ್ತಿತು. ಅಂಥವನು ಔಷಧದಲ್ಲಿ ಹಿಂದೆ ಬೀಳುತ್ತಾನೆಯೇ?

"ಅವರ ವಿಷಯ ಅವರನ್ನ ಕೇಳ್ರಿ," ಎಂದಳು ಡಾಕ್ಟರಮ್ಮ. "ನಿಮ್ಮ ಗಡ್ಡಿ ದೊಡ್ಡದೈತಿ. ಮೊದಲ ಔಷಧ ಕೊಟ್ಟು ಕುಗ್ಗಿಸೂಣು, ಆಮ್ಯಾಲೆ ಆಪರೇಶನ್. ಕುಗ್ಗಿದಷ್ಟೂ ನಾಲಿಗಿ ಉಳೀತೈತಿ. ಕುಗ್ಗಲಿಲ್ಲಂದ್ರ ಪೂರ್ತಿ ತಗೀಬೇಕಾಗತೈತಿ. ಅದಕ್ಕೂ ತಡ ಆದ್ರ ಜೀವಕ್ಕ ಬರತೈತಿ."

ಔಷಧ ಹನಿಹನಿಯಾಗಿ ನರದೊಳಗೆ ಇಳಿಯಿತು. ಬೀಗ ಫೋನಿನಲ್ಲಿ "ನನಗೂ ಅದನ್ನ ಹಾಕಿದ್ರು, ಮೂರ ಬಾಟಲ್ಯಾಗ ಎದ್ದು ಕುಂತೆ" ಎಂದ. ಸಾಹುಕಾರನಿಗೆ ಎಷ್ಟು ಖುಷಿ! ನೋಡಲು ಬಂದವರಿಗೆಲ್ಲ, ಬೀಗರಿಗೆ ಹಾಕಿದ್ದನ್ನೇ ನನಗೂ ಹಾಕಿದ್ದಾರೆ ಎಂದು ಹೇಳಿದ. ಆದರೆ ಗಡ್ಡೆ ಕುಗ್ಗಲಿಲ್ಲ. ಕುತ್ತಿಗೆಯಲ್ಲಿ ಇನ್ನೊಂದು ಗಂಟು ಎದ್ದಿತು.

ಡಾಕ್ಟರಮ್ಮ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದಳು. "ಸಾಹುಕಾರ್ರ, ರೋಗದ ಹೆಸರು ಒಂದ, ಗಡ್ಡಿ ಗುಣ ಬ್ಯಾರೆ. ನಿಮ್ಮ ಗಡ್ಡಿ ಈ ಔಷಧಕ್ಕ ಬಗ್ಗವಲ್ದು. ಒಳಗ ಹೋದದ್ದನ್ನ ಹೊರಗ ದಬ್ಬಿದಂಗ ಕಾಣತೈತಿ. ಇನ್ನೊಂದು ಚೂರು ತಗದು ನೋಡಬೇಕು. ಅದರೊಳಗ ಕೆಲವು ಗುರುತು ಇರತಾವ. ಅವನ್ನ ನೋಡಿದ್ರ, ಮುಂದ ಯಾವ ಔಷಧ ನಾಟಬಹುದು ಅಂತ ಅಂದಾಜು ಸಿಗತೈತಿ."

"ಗುರುತ ಸಿಗಲಿಲ್ಲಂದ್ರ?"

"ಸಿಗಲಿಲ್ಲ ಅಂತನ ಹೇಳತೀನಿ. ಎಲ್ಲಾ ಗುರುತು ಓದಾಕ ನಮಗೂ ಇನ್ನೂ ಬರೂದಿಲ್ಲ. ಕಲ್ಯಾಕತ್ತೀವಿ."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವರು ಎಷ್ಟು ಜನ ಸಿಗುತ್ತಾರೆ ಹೇಳಿ? ಅಂಥವರು ಸಿಕ್ಕಾಗ ಕಾಲು ಮುಟ್ಟಬೇಕು. ಸಾಹುಕಾರ ಏನು ಮಾಡಿದ?

"ಚೂರು ಗೀರು ಬ್ಯಾಡ್ರಿ ಡಾಕ್ಟರ ಬಾಯಾರ. ಮೊದಲ ಸಲ ಕತ್ತರಿ ತಾಗಿಸಿದ್ರಿ, ಕುತ್ತಿಗ್ಯಾಗ ಗಂಟ ಬಂತು. ಕಬ್ಬಿಣ ಮುಟ್ಟಿದ್ರ ಹಬ್ಬತೈತಿ ಅಂತ ಊರಿಗೇ ಗೊತ್ತೈತಿ. ಒಂದ ಕೆಲಸ ಮಾಡ್ರಿ. ಬೀಗರಿಗೆ ಮೂರು ಹಾಕೀರಿ, ನನಗ ಆರು ಹಾಕ್ರಿ."

"ಇದು ಹತ್ತಿ ಸವಾಲಲ್ರಿ! ಗಂಟು ಕತ್ತರಿಯಿಂದ ಬಂದಿಲ್ಲ, ರೋಗ ಬೆಳದು ಬಂದೈತಿ. ಇದನ್ನ ಹೆಚ್ಚ ಹಾಕಿದ್ರ ಗಡ್ಡಿ ಕರಗೂದಿಲ್ಲ, ನಿಮ್ಮ ಮೂತ್ರಪಿಂಡ ಕೆಡತಾವ, ಕಿವಿ ಕೆಡತಾವ."

"ಕಿವಿ ಹೋದ್ರ ಹೋಗಲಿ. ವ್ಯಾಪಾರಸ್ಥಗ ಬಾಯಿ ಇದ್ರ ಸಾಕು."

ಹೆಂಡತಿ ಪಕ್ಕದಿಂದ ಹೇಳಿದಳು: "ಈಗ ಕಿವಿ ಇದ್ದೂ ಯಾರ ಮಾತ ಕೇಳೀರಿ?"

ಅವನು ಎದ್ದು ಮನೆಗೆ ನಡೆದ. ನೀವು ನಗುತ್ತಿದ್ದೀರಿ. ನಗಿ. ಆದರೆ ಒಂದು ಮಾತು. ನಿಮ್ಮ ಮಗನಿಗೆ ದಿನಾ ಅದೇ ಬೈಗುಳ ಕೊಡುತ್ತೀರಲ್ಲ? ಮೊದಲ ದಿನ ಅವನು ಅತ್ತ. ಎರಡನೆಯ ದಿನ ತಲೆ ತಗ್ಗಿಸಿದ. ಈಗ ನೀವು ಬೈಯುತ್ತಿರುತ್ತೀರಿ, ಅವನು ತಾಟಿನಲ್ಲಿ ಪಲ್ಯ ಹುಡುಕುತ್ತಿರುತ್ತಾನೆ. ನೀವೇನು ಮಾಡಿದಿರಿ? ಬೈಗುಳ ಬದಲಿಸಿದಿರಾ? ಅವನೊಳಗೆ ಏನಿದೆ ಎಂದು ನೋಡಿದಿರಾ? ಇಲ್ಲ. ದನಿ ಏರಿಸಿದಿರಿ. ಆರು ಬಾಟಲಿ ಕೇಳಿದ ಸಾಹುಕಾರನಿಗೂ ನಿಮಗೂ ಎಷ್ಟು ದೂರ?

ಮನೆಯಲ್ಲಿ ದಿನ ಕಳೆದವು. ಸಾಹುಕಾರನ ಮಾತು ದಪ್ಪವಾಗತೊಡಗಿತು. "ನೀರು" ಎಂದರೆ ಹೆಂಡತಿ ಎರಡು ಸಲ ಕೇಳಬೇಕಾಯಿತು. ಮೂರನೆಯ ಸಲ ಅವನು ಹೇಳಲಿಲ್ಲ, ತಂಬಿಗೆಯ ಕಡೆ ಕೈ ತೋರಿಸಿದ. ಆ ಕೈಯನ್ನು ನೋಡಿದ ಅವಳು ಹಿತ್ತಲಿಗೆ ಹೋಗಿ ಬೀಗತಿಗೆ ಫೋನ್ ಮಾಡಿದಳು.

ಬೀಗರ ನಡುವೆ ಜಂಬ ಓಡಾಡುತ್ತದೆ. ಬೀಗತಿಯರ ನಡುವೆ ಸುದ್ದಿ ಓಡಾಡುತ್ತದೆ. ದೇವರು ನಮ್ಮ ಸಂಸಾರಗಳನ್ನು ಉಳಿಸಿರುವುದು ಎರಡನೆಯದರ ಮೇಲೆ.

"ಅಕ್ಕಾರ, ಖರೆ ಹೇಳ್ರಿ. ನಿಮ್ಮವರು ಮೂರ್ರಾಗ ಎದ್ದು ಕುಂತ್ರೇನು?"

"ಎಲ್ಲೀದು ತಗೀರಿ! ಅವರಿಗೂ ಮೊದಲನೇ ಔಷಧ ನಾಟಲಿಲ್ಲ. ಎರಡನೇ ಸಲ ಚೂರು ತಗದ ನೋಡಿ, ಔಷಧ ಬದಲ ಮಾಡಿದ್ಮ್ಯಾಲೆ ಇಳದದ್ದು."

"ಮತ್ತ ಇವರ ಮುಂದ ಯಾಕ ಹಂಗ ಹೇಳಿದ್ರು?"

"ಬೀಗರ ಮುಂದ ಸೋತೆ ಅಂತ ಯಾವ ಗಂಡಸು ಹೇಳತಾನ ನಮ್ಮವ್ವ?"

"ನಾಳೆ ಕರಕೊಂಡ ಬರ್ರಿ."

ಬೀಗ ಬಂದ, ಹಿಂದೆಯೇ ಬೀಗತಿ. ಅವನಿಗೆ ಇಸ್ತ್ರಿ ಮಾಡಿದ ಧೋತರ, ತಲೆಗೆ ರುಮಾಲು. ಬಾಗಿಲಲ್ಲೇ "ಏನ್ ಬೀಗರ, ಇನ್ನೂ ಹಾಸಿಗಿ ಬಿಟ್ಟಿಲ್ಲ? ನಾವು ಹಳೇ ಜ್ವಾಳ ತಿಂದ ಮಂದಿ, ಮೂರ್ರಾಗ..." ಎಂದು ಆರಂಭಿಸಿದ. ಸಾಹುಕಾರನ ಹೆಂಡತಿ ಚಹಾದ ಕಪ್ಪು ಹಿಡಿದು ಎದುರು ನಿಂತಳು. ಕಪ್ಪು ಕೊಡಲಿಲ್ಲ.

"ಬೀಗರ, ಖರೆ ಹೇಳತೀರೋ, ಚಹಾ ಒಳಗ ಒಯ್ಯಲೋ?"

ಬೀಗ ತನ್ನ ಹೆಂಡತಿಯ ಕಡೆ ನೋಡಿದ. ಅವಳು ಗೋಡೆಯ ಕಡೆ ನೋಡಿದಳು. ಸಾಹುಕಾರ ಬೀಗನಿಗೆ ತಕ್ಕ ಉತ್ತರ ಕೊಡಲು ಬಾಯಿ ತೆರೆದ. ಪೇಟೆಯನ್ನೇ ನಡುಗಿಸಿದ ಬಾಯಿ. ಬಂದದ್ದು ಮಾತಲ್ಲ, ಒಂದು ಒದ್ದೆ ಸದ್ದು. ಅದನ್ನು ಕೇಳಿದ ಬೀಗ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ನಾ ಸುಳ್ಳ ಹೇಳಿದ್ನಿ ಬೀಗರ. ಮೊದಲನೇದು ನನಗ ಹತ್ತಲಿಲ್ಲ. ಎರಡನೇ ಸಲ ಕತ್ತರಿ ತಂದಾಗ ನಾನೂ ಒಲ್ಲೆ ಅಂದಿದ್ನಿ. ಇಕಿ ಬೈದು ಕೂಡ್ರಿಸಿದ್ಲು. ಅವತ್ತು ನಾ ಅತ್ತೀನಿ."

ಸಾಹುಕಾರ ಕಷ್ಟಪಟ್ಟು, ಒಂದೊಂದೇ ಅಕ್ಷರ ಕೂಡಿಸಿ ಕೇಳಿದ. "ನೀವು... ಅತ್ತಿರಿ?"

"ಕೂಸಿನಂಗ."

"ಹಂಗಾದ್ರ ನಾ ಅಳೂದಿಲ್ಲ. ನಡೀರಿ."

ನೋಡಿ, ಜಂಬ ಪೂರ್ತಿ ಹೋಗಲಿಲ್ಲ. ಹೋಗುವುದೂ ಇಲ್ಲ. ಮನುಷ್ಯ ಒಂದು ಮಧ್ಯಾಹ್ನದಲ್ಲಿ ಸಂತನಾಗುವ ಕಥೆಗಳನ್ನು ನಾನೂ ಕೇಳಿದ್ದೇನೆ, ನಂಬುವುದಿಲ್ಲ. ಆದರೆ ಅದೇ ಜಂಬ ಆ ದಿನ ದವಾಖಾನೆಯ ದಾರಿ ಹಿಡಿಯಿತು.

ಚೂರು ತೆಗೆದರು. ಅತ್ತನೋ ಇಲ್ಲವೋ, ಹೆಂಡತಿ ಇವತ್ತಿಗೂ ಬಾಯಿ ಬಿಟ್ಟಿಲ್ಲ. ಪರೀಕ್ಷೆಯಲ್ಲಿ ಒಂದು ಗುರುತು ಸಿಕ್ಕಿತು. ನಮ್ಮ ಮೈಯೊಳಗೆ ರೋಗದ ಜೊತೆ ಬಡಿದಾಡುವ ಕಾವಲುಗಾರರಿದ್ದಾರೆ. ಸಾಹುಕಾರನ ಗಡ್ಡೆ ಅವರ ಮುಂದೆ, ನಾನೂ ನಿಮ್ಮ ಮನೆಯವಳೇ ಎಂಬಂತೆ ಸೆರಗು ಹೊದ್ದು ಕುಳಿತಿತ್ತು. ಕಾವಲುಗಾರರು ದಾರಿ ಬಿಡುತ್ತಿದ್ದರು. ಆ ಸೆರಗು ಸರಿಸುವ ಔಷಧ ಇದೆ. ಬೀಗನ ಗುರುತು ಬೇರೆ ಇತ್ತು, ಅವನ ಔಷಧವೂ ಬೇರೆ ಇತ್ತು. "ಎಲ್ಲರಿಗೂ ಇದು ಹತ್ತೂದಿಲ್ಲ, ನಿಮಗ ಹತ್ತಬಹುದು ಅಂತ ಗುರುತು ಹೇಳತೈತಿ," ಎಂದಳು ಡಾಕ್ಟರಮ್ಮ. "ಮತ್ತ ತಂಬಾಕ ಇವತ್ತ ಬಿಡ್ರಿ. ಒಂದ ಕೈಲೆ ನಾ ಔಷಧ ಹಾಕೂದು, ಇನ್ನೊಂದ ಕೈಲೆ ನೀವು ಗಡ್ಡಿಗೆ ಮೇವು ಹಾಕೂದು, ಹಂಗ ನಡ್ಯೂದಿಲ್ಲ."

ಬಿಟ್ಟ. ಗಡ್ಡೆ ಕುಗ್ಗಿತು, ತಡವಾಗಿ, ಆದರೂ ಕುಗ್ಗಿತು. ಆಪರೇಶನ್‌ನಲ್ಲಿ ಕುತ್ತಿಗೆಯ ಗಂಟಿನ ಜೊತೆ ನಾಲಿಗೆಯ ಒಂದು ಭಾಗ ಹೋಯಿತು, ಉಳಿದದ್ದು ಉಳಿಯಿತು. ಈಗ ಅವನು ಸವಾಲಿನಲ್ಲಿ ಬೆಲೆ ಕೂಗಿದರೆ "ರ" ಸರಿಯಾಗಿ ಹೊರಡುವುದಿಲ್ಲ. ಪೇಟೆಯ ಜನ ಮುಂದಕ್ಕೆ ಬಾಗಿ ಕೇಳುತ್ತಾರೆ. ಎಷ್ಟು ವರ್ಷ ಬದುಕಿದ ಎಂದು ಕೇಳಬೇಡಿ. ಬದುಕಿದ್ದಾನೆ, ದವಾಖಾನೆಗೆ ಹೇಳಿದ ದಿನ ಹೋಗಿ ಬಾಯಿ ತೋರಿಸುತ್ತಾನೆ. ಜೊತೆಗೆ ಬೀಗ ಹೋಗುತ್ತಾನೆ. ದಾರಿಯಲ್ಲಿ ಯಾರ ಔಷಧ ಜಬರದಸ್ತು ಎಂದು ಜಗಳಾಡುತ್ತಾರೆ.

ಇನ್ನು ನಿಮ್ಮ ಸರದಿ.

ಇಲ್ಲಿಂದ ಮನೆಗೆ ಹೋದವರು ಕನ್ನಡಿಯ ಮುಂದೆ ನಿಂತು ಬಾಯಿ ಅಗಲಿಸಿ. ನಾಲಿಗೆ ಎತ್ತಿ, ಗಲ್ಲ ಎಳೆದು ನೋಡಿ. ಎರಡು ಮೂರು ವಾರವಾದರೂ ಮಾಯದ ಹುಣ್ಣಿದ್ದರೆ, ಬಿಳಿಯ ಕಲೆ, ಕೆಂಪು ಕಲೆ ಇದ್ದರೆ, ಚಟ್ನಿಯನ್ನು ಬೈಯಬೇಡಿ, ಡಾಕ್ಟರಿಗೆ ತೋರಿಸಿ. ಜೇಬಿನಲ್ಲಿರುವ ಆ ಪೊಟ್ಟಣವನ್ನು ಮಠದ ಬಾಗಿಲಲ್ಲಿ ಬಿಟ್ಟು ಹೋಗಿ. ನಾನು ಎತ್ತಿ ಎಸೆಯುತ್ತೇನೆ, ಯಾರದು ಎಂದು ಕೇಳುವುದಿಲ್ಲ. ಚೂರು ತೆಗೆಯಬೇಕು ಎಂದರೆ ಹೆದರಿ ಓಡಬೇಡಿ. ಔಷಧ ನಾಟುತ್ತಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ ಎಂದು ಡಾಕ್ಟರನ್ನು ಧೈರ್ಯವಾಗಿ ಕೇಳಿ, ಅದು ನಿಮ್ಮ ಹಕ್ಕು. ಪಕ್ಕದ ಮನೆಯವರ ಔಷಧ ಕೇಳಬೇಡಿ.

ಮತ್ತು ಈ ಸಭೆಯಲ್ಲಿ ರೋಗ ಗೆದ್ದು ಬಂದವರಿದ್ದೀರಿ. ನಿಮ್ಮನ್ನು ನೋಡಲು, ಕೇಳಲು ಜನ ಬರುತ್ತಾರೆ. ಅವರ ಮುಂದೆ ಬರೀ ಗೆದ್ದದ್ದನ್ನು ಹೇಳಬೇಡಿ. ಮೊದಲ ಔಷಧ ಸೋತದ್ದನ್ನು ಹೇಳಿ, ಹೆದರಿದ್ದನ್ನು ಹೇಳಿ, ಅತ್ತದ್ದನ್ನು ಹೇಳಿ. ಅನ್ನ ಇದ್ದವರು ಅನ್ನ ಹಂಚುತ್ತಾರೆ. ನಿಮ್ಮ ಹತ್ತಿರ ಇರುವುದು ಇದು. ಇದನ್ನು ಹಂಚಿ. ಇದೂ ದಾಸೋಹವೇ.