ಒಂದು ಸಲ ಬಡಿದರೆ ಹೌದು

ನಗ್ತಿದೀರಾ? ನಗಿ, ನಗಿ. ಅರ್ಧ ಬಾಯಲ್ಲಿ ನಕ್ಕರೂ ನಗು ನಗೂನೇ, ನನಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಲಕ್ವ ಹೊಡೆದು ಬಲಗಡೆ ಪೂರ್ತಿ ಹೋಯ್ತು, ಮಾತು ಹೋಯ್ತು, ಹೆಂಡತಿ ಮಾತಿಗೆ ನಗೋದೊಂದು ಮಾತ್ರ ಹೋಗ್ಲಿಲ್ಲ ನೋಡಿ... ಅಲುಗಾಡ್ಬೇಡಿ. ಕೈಲಿ ರೇಜರ್ ಇದೆ. ದಿನಾ ಚೂಟಿ ಗಡ್ಡ ತೆಗೆಯೋವಾಗ ಮಗು ಥರ ಮುಖ ಒಡ್ಕೊಂಡು ಕೂತಿರ್ತೀರಿ, ನಾನು ಹಿಡಿದ್ರೆ ಕಟುಕನ ಮುಂದೆ ಕುರಿ ನಿಂತ ಹಾಗೆ ನೋಡ್ತೀರಲ್ಲ. ಇವತ್ತು ಅವಳಿಗೆ ಪರೀಕ್ಷೆ. ಒಳಗೆ ತಲೆ ಬಾಚ್ಕೋತಿದಾಳೆ. ಇವತ್ತೊಂದಿನ ನನ್ನ ಕೈಲಿ ಆಗ್ಲಿ.

ಏನು ಹೇಳ್ತಿದ್ದೆ? ಹಾಂ, ಕಪ್ಪೆ. ನರ್ಸಿಂಗ್ ಸ್ಕೂಲಿಗೆ ಸೇರೋ ಹುಡುಗಿಗೆ ಕಪ್ಪೆ ಹೃದಯದಲ್ಲಿ ಎಷ್ಟು ಕೋಣೆ ಅಂತ ಯಾಕ್ರೀ ಬೇಕು? ಯಾವ ಕಪ್ಪೆ ಬಂದು ಯಾವ ವಾರ್ಡಲ್ಲಿ ಮಲಗಿದೆ? ಆಮೇಲೆ ರೈಲು. ರೈಲು ಇಷ್ಟು ಜೋರಾಗಿ ಹೋದ್ರೆ ಸೇತುವೆ ದಾಟೋಕೆ ಎಷ್ಟು ಹೊತ್ತು ಬೇಕು. ದಾಟ್ಲಿ ಬಿಡ್ರೀ, ಅದರ ಪಾಡಿಗೆ ಅದು ದಾಟುತ್ತೆ. ರೋಗಿ ಬೆಡ್‌ಪ್ಯಾನ್ ಕೇಳಿದಾಗ ಇವಳು ರೈಲಿನ ಲೆಕ್ಕ ಹಾಕ್ತಾ ಕೂರೋದಾ?

ಎರಡು ಸಲ ಬಡಿದ್ರಾ. ಗೊತ್ತಿತ್ತು, ಬಡೀತೀರಿ ಅಂತ. ಒಂದು ಸಲ ಬಡಿದ್ರೆ ಹೌದು, ಎರಡು ಸಲ ಬಡಿದ್ರೆ ಇಲ್ಲ, ಬಿಡದೇ ಬಡಿದ್ರೆ ಉಸಿರು ಕಟ್ತಿದೆ, ಓಡಿ ಬನ್ನಿ. ನನ್ನ ತಂಗಿ ಮಗಳು ಚೂಟಿ ಮಂಚದ ಕಂಬಿಗೆ ಒಂದು ಸ್ಟೀಲ್ ಲೋಟ ಕಟ್ಟಿ, ನಿಮ್ಮ ಎಡಗೈಗೆ ಒಂದು ಚಮಚ ಕೊಟ್ಟು, ಭಾಷೇನೇ ಕಲಿಸಿಬಿಟ್ಟಳು. ಇಷ್ಟು ವರ್ಷ ಸಂಸಾರ ಮಾಡಿದೀನಿ, ನನ್ನ ಮಾತಿಗೆ ನೀವು ಒಂದು ಸಲ ಬಡಿದಿದ್ದು ಇದೆಯಾ ಹೇಳಿ. ನನಗೆ ಯಾವಾಗಲೂ ಎರಡೇ.

ಪರೀಕ್ಷೆ ಅಂದ್ರೆ ನಿಮಗೆ ದೇವರು. ಊರೆಲ್ಲ ಕೆಂಪು ಪೆನ್ನಿನ ಹೆಡ್‌ಮಾಸ್ತರು ಅಂತ ಸುಮ್ನೆ ಕರೀತಿತ್ತಾ? ಪರೀಕ್ಷೆ ಕಷ್ಟ ಅಂತ ಯಾರಾದ್ರೂ ಬಾಯಿ ಬಿಟ್ರೆ ಸಾಕು, ‘ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ’ ಅಂತ ಮುಖಕ್ಕೆ ಹೊಡೆದ ಹಾಗೆ ಅಂದ್ಬಿಡೋರು. ಈಗ ನೋಡಿ. ನಿಮಗೇ ನೆಲ ಡೊಂಕಾಗಿದೆ. ಮೊನ್ನೆ ಚೂಟಿ ಹಿಡ್ಕೊಂಡು ನಡೆಸ್ತಿದ್ಲಲ್ಲ, ‘ದೊಡ್ಡಪ್ಪ ಪಾಸು’ ಅಂತ ಕೈ ತಟ್ಟಿದ್ಲು. ಮುಖ ಹೇಗೆ ಅರಳ್ತು ನಿಮ್ಮದು. ನೂರಾರು ಮಕ್ಕಳನ್ನ ಫೇಲ್ ಮಾಡಿದ ಮನುಷ್ಯ, ಬಾಗಿಲ ತನಕ ನಡೆದು ಪಾಸಾಗಿ ಹಿಗ್ಗಿ ಹೀರೇಕಾಯಿ ಆದ್ರು.

ಗಲ್ಲ ಮೇಲೆತ್ತಿ. ಇನ್ನೂ ಸ್ವಲ್ಪ.

ಆ ಎದುರು ಮನೆ ಕಂಪೌಂಡರ್ ಮಗಳನ್ನೇ ತಗೊಳ್ಳಿ. ಇದೇ ಪರೀಕ್ಷೇಲಿ ಮೊದಲನೇ ರ‍್ಯಾಂಕು. ಕಪ್ಪೆ, ರೈಲು, ಎಲ್ಲಾ ಬಾಯಿಪಾಠ. ಅವತ್ತು ನಿಮಗೆ ಇಂಜೆಕ್ಷನ್ ಕೊಡೋಕೆ ಬಂದು ಏನು ಮಾಡಿದ್ಲು? ಸೂಜಿ ಹಿಡಿದು ತಾನೇ ಕಣ್ಣು ಮುಚ್ಕೊಂಡ್ಲು. ಕಣ್ಣು ಮುಚ್ಕೊಳ್ಳೋದು ರೋಗಿ ಕೆಲಸ ಅಲ್ವೇನ್ರೀ? ನೀವು ಎಡಗೈ ಹಿಂದಕ್ಕೆಳ್ಕೊಂಡಿದ್ದಕ್ಕೆ ಬಚಾವು, ಇಂಜೆಕ್ಷನ್ ದಿಂಬಿಗೆ ಹೋಯ್ತು. ಕೊನೆಗೆ ಚೂಟಿನೇ ಅವಳಿಗೆ ನೀರು ಕೊಟ್ಟು, ಗಾಳಿ ಬೀಸಿ, ಮನೆಗೆ ಬಿಟ್ಟು ಬಂದ್ಲು.

ಏನು, ಮಾತ್ರೆ ಡಬ್ಬಿ ಕಡೆ ಯಾಕೆ ಕಣ್ಣು? ಓ... ಅದಾ. ಗೊತ್ತಾಯ್ತು ಬಿಡಿ. ಚೂಟಿ ಒಂದು ಸಲ ಅರ್ಧ ಮಾತ್ರೆ ಲೆಕ್ಕ ತಪ್ಪಿ ಜಾಸ್ತಿ ಕೊಟ್ಟಳು, ಇಡೀ ದಿನ ಎಚ್ಚರ ಇಲ್ಲದೆ ಬಿದ್ದಿದ್ರಿ, ನನ್ನ ಜೀವ ಬಾಯಿಗೆ ಬಂದಿತ್ತು. ಅದಕ್ಕೇ ಲೆಕ್ಕ ಬೇಕು ಅಂತೀರಿ. ಸರಿ, ಲೆಕ್ಕ ಬೇಕು, ಒಪ್ಕೊಂಡೆ. ಮಾತ್ರೆ ಲೆಕ್ಕ ಕೇಳ್ಲಿ, ಯಾರು ಬೇಡ ಅಂದ್ರು? ರೈಲು ಯಾಕೆ?

ಪರೀಕ್ಷೆ ಇಲ್ಲದ ಕಾಲದಲ್ಲಿ ಸೀಟು ಯಾರಿಗೆ ಸಿಗ್ತಿತ್ತು ಅಂತೀರಾ? ಕಮಿಟಿ ಅಧ್ಯಕ್ಷರ ನಾದಿನಿಗೆ, ಸೆಕ್ರೆಟರಿ ಸೊಸೆಗೆ. ನೀವು ಹೇಳಿ ಹೇಳಿ ನನಗೂ ಬಾಯಿಪಾಠ ಆಗಿದೆ. ‘ಯಾರ ಕೈಕಾಲೂ ಹಿಡೀದೆ ಬಡವರ ಮಗು ಒಳಗೆ ಹೋಗೋ ಬಾಗಿಲು ಅಂದ್ರೆ ಇದೊಂದೇ ಕಣೇ.’ ಭಾಷಣ ಮಾಡೋರು. ನಾನು ಬೇರೆ ದಾರಿ ಹೇಳ್ತೀನಿ ಕೇಳಿ. ಸೀಟು ಕೇಳಿದ ಹುಡುಗೀರನ್ನ ಒಬ್ಬೊಬ್ಬರನ್ನಾಗಿ ಲಕ್ವ ಹೊಡೆದವರ ಮನೆಗೆ ಕಳಿಸ್ಲಿ. ಒಂದೊಂದು ವರ್ಷ ಇದ್ದು ನೋಡ್ಕೊಳ್ಳಲಿ. ಎತ್ತೋದು, ಒರೆಸೋದು, ಬೈಸಿಕೊಳ್ಳೋದು. ಆಮೇಲೆ ಮನೆ ಹೆಂಗಸು ಹೇಳ್ತಾಳೆ, ಯಾರು ಪಾಸು ಯಾರು ಫೇಲು ಅಂತ.

ಮತ್ತೆ ನಗು. ಯಾಕೆ? ಆ ಹೆಂಗಸು ಎಲ್ಲರನ್ನೂ ಫೇಲ್ ಮಾಡಿ ಮನೇಲೇ ಇಟ್ಕೋತಾಳೆ ಅಂತಾನಾ? ಛೆ, ಎಂಥಾ ಮನಸ್ಸು ನಿಮ್ಮದು.

ಹೋದ ವರ್ಷ ಏನಾಯ್ತು, ನೀವೇ ಹೇಳಿ. ಅಷ್ಟು ಓದಿದ್ಲು ಪಾಪ. ದಿನಾ ಸಂಜೆ ನಿಮ್ಮ ಕಾಲು ತಿಕ್ತಾ ಪ್ರಶ್ನೆ ಓದೋಳು, ಉತ್ತರ ನಾಲ್ಕನ್ನೂ ಓದೋಳು, ಸರಿ ಉತ್ತರ ಬಂದ ಕೂಡಲೇ ನೀವು ಟಣ್ ಅನ್ನಿಸೋರು. ಟಣ್, ಟಣ್, ನನಗೆ ಅಡುಗೆಮನೇಲಿ ತಲೆ ಚಿಟ್ಟು ಹಿಡೀತಿತ್ತು. ಇಷ್ಟಾದ್ರೂ ಆ ಪರೀಕ್ಷೆ ಅವಳ ಕೈ ಹಿಡೀತಾ? ಇಲ್ಲವಲ್ಲ.

ಹಾಗ್ಯಾಕೆ ದುರುಗುಟ್ಟಿಕೊಂಡು ನೋಡ್ತೀರಿ? ಹೌದಪ್ಪ, ಅವಳು ಬರೀಲೇ ಇಲ್ಲ. ಬರೆಯೋಕೆ ಬಿಟ್ರೆ ತಾನೇ? ಪರೀಕ್ಷೆ ಸೆಂಟರಿನ ಗೇಟು ಹಾಕ್ಬಿಟ್ಟಿದ್ರು. ತಡವಾಗಿ ಬಂದವರನ್ನ ಒಳಗೆ ಬಿಡಲ್ಲ ಅಂದ ಅಂತೆ ಕಾವಲುಗಾರ. ರೋಗೀನ ನೋಡ್ಕೊಂಡು ಬರೋಕೆ ತಡ ಆಯ್ತು ಅಂತ ಅತ್ತಳಂತೆ, ಕೇಳ್ಲಿಲ್ಲ. ನರ್ಸ್ ಆಗೋಳಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದ್ರೀ? ಅಲ್ಲೇ ಗೇಟಲ್ಲೇ ಸೀಟು ಕೊಡ್ಬೇಕಿತ್ತು. ಅದಕ್ಕೇ ನಾನು ಅನ್ಯಾಯ, ಅನ್ಯಾಯ ಅಂತ ಬಡ್ಕೊಳ್ಳೋದು.

ಯಾಕೆ ತಡ ಆಯ್ತು ಅಂದ್ರೆ... ನಿಮ್ಮಿಂದ. ನಿಮಗೆ ಉಸಿರು ಕಟ್ಟಿತ್ತು. ಚೂಟಿ ಆಗಲೇ ಹೊರಗೆ ಹೋಗಿದ್ಲು, ಲೋಟದ ಸದ್ದು ಕೇಳಿ ನಮ್ಮ ಮನೆ ಗೇಟಿಂದ ವಾಪಸ್ ಓಡಿ ಬಂದ್ಲು. ನಿಮ್ಮನ್ನ ಕೂರಿಸಿ, ಬೆನ್ನು ನೀವಿ, ಸರಿ ಹೋಯ್ತು ಅಂತ ಖಾತ್ರಿ ಆಗೋ ಹೊತ್ತಿಗೆ ಬಸ್ಸು ಹೋಗಿತ್ತು. ಮರೆತ್ರಾ? ಈ ಕಾಯಿಲೇಲಿ ಮರೆವು ಇರುತ್ತಂತೆ, ಡಾಕ್ಟರೇ ಹೇಳಿದಾರೆ. ನಿದ್ದೆ ಮಾಡ್ತಿದ್ರಿ ಅಂತ ನಿಮಗೆ ಅನ್ನಿಸಬಹುದು. ಅನ್ನಿಸುತ್ತೆ ಅಷ್ಟೇ.

ಎರಡು ಸಲ ಬಡೀಬೇಡಿ. ಬಡೀಬೇಡಿ ಅಂದೆ. ಚಮಚ ಕೊಡಿ ಇಲ್ಲಿ, ಸೋಪು ಹತ್ತುತ್ತೆ... ಕೊಡಲ್ವಾ? ಎಂಥ ಹಿಡಿತ ರೀ ನಿಮ್ಮದು. ಆಯ್ತು, ಇಟ್ಕೊಳ್ಳಿ. ನಾನೇನು ಕದೀತೀನಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಕೆ ನಾನೇನು ಕದ್ದಿಲ್ಲ.

ನೋಡಿ... ಒಂದು ಮಾತು ಕೇಳಿ. ನಿಧಾನಕ್ಕೆ ಹೇಳ್ತೀನಿ, ಅವಳಿಗೆ ಕೇಳಿಸಬಾರದು. ಪಾಸಾದ್ರೆ ಹಾಸ್ಟೆಲ್ಲಲ್ಲೇ ಇರ್ಬೇಕಂತೆ, ಮನೆಯಿಂದ ಓಡಾಡೋ ಹಾಗಿಲ್ಲವಂತೆ. ಕೋರ್ಸ್ ಮುಗಿಯೋ ತನಕ. ಆಮೇಲೆ ಎಲ್ಲಿ ಕೆಲಸ ಸಿಗುತ್ತೋ ಅಲ್ಲಿಗೆ. ಯೋಚನೆ ಮಾಡಿದ್ರಾ? ಬೆಳಿಗ್ಗೆ ನಿಮ್ಮನ್ನ ಎತ್ತಿ ಕೂರಿಸೋರು ಯಾರು? ನನ್ನ ಸೊಂಟ ಬಗ್ಗಿದ್ರೆ ಏಳಲ್ಲ, ಎದ್ರೆ ಬಗ್ಗಲ್ಲ. ಅವತ್ತೊಂದಿನ ಅವಳಿಗೆ ಜ್ವರ ಬಂದಿತ್ತಲ್ಲ, ನಾನೇ ಎತ್ತೋಕೆ ಹೋಗಿ ಇಬ್ಬರೂ ನೆಲದ ಮೇಲೆ. ಪಕ್ಕದ ಮನೆ ದರ್ಜಿ ಬಂದು ಎತ್ತೋ ತನಕ ನಾವಿಬ್ಬರೂ ಸೂರು ನೋಡ್ಕೊಂಡು ಮಲಗಿದ್ವಿ. ನೀವು ಅವಾಗಲೂ ನಕ್ಕಿದ್ರಿ. ನನಗೆ ಭಯ ಆಗಿತ್ತು ರೀ. ಈಗಲೂ ಆಗುತ್ತೆ.

ಕೆಲಸಕ್ಕೆ ಒಬ್ಬರನ್ನ ಇಟ್ಕೊಳ್ಳಿ ದೊಡ್ಡಮ್ಮ, ನಾನೇ ಕಲಿಸಿ ಹೋಗ್ತೀನಿ ಅಂತಾಳೆ. ಬರೋರು ನಿಮ್ಮ ಕೆಮ್ಮು ಕೇಳಿ ಇದು ನೀರಿನ ಕೆಮ್ಮೋ ಕೋಪದ ಕೆಮ್ಮೋ ಅಂತ ಹೇಳ್ತಾರಾ? ನನಗೇ ಗೊತ್ತಾಗಲ್ಲ. ಒಂದು ವರ್ಷ... ಇನ್ನೊಂದೇ ವರ್ಷ ಇರ್ಲಿ ಅಂದ್ಕೊಂಡ್ರೆ ತಪ್ಪಾ? ಈ ವರ್ಷ ತಪ್ಪಿದ್ರೆ ವಯಸ್ಸು ಮೀರುತ್ತೆ, ಮತ್ತೆ ಬರೆಯೋಕಾಗಲ್ಲ, ಗೊತ್ತು. ನರ್ಸ್ ಆಗ್ದಿದ್ರೆ ಬದುಕೇ ಇಲ್ವಾ? ನಾನೇನು ನರ್ಸಾ? ಬದುಕಿಲ್ವಾ?

ಶ್... ಬಂದ್ಲು.

ಬಾರೇ ಚೂಟಿ. ಎಷ್ಟು ಚೆನ್ನಾಗಿ ಕಾಣ್ತೀಯ. ಪೆನ್ನು ಇಟ್ಕೊಂಡ್ಯಾ? ಎರಡು ಇಟ್ಕೋ. ನೀರು? ಇಲ್ಲ ಕಣೇ, ರಕ್ತ ಏನಿಲ್ಲ, ಸ್ವಲ್ಪ ತರಚಿದೆ, ಅವರು ನಕ್ಕರು ಅದಕ್ಕೆ. ನೀನು ಒರೆಸ್ಬೇಡ, ನಾನು ಒರೆಸ್ತೀನಿ, ನಿನ್ನ ಬಟ್ಟೆಗೆ ಸೋಪು ಆಗುತ್ತೆ. ಆಯ್ತು, ನಾಡಿ ನೋಡು, ನೋಡಿ ಹೋಗು. ಚೆನ್ನಾಗಿದೆಯಾ? ಹೂಂ... ಚೆನ್ನಾಗಿದೆ. ಹೋಗಿ ಬಾ. ಹೆದರ್ಬೇಡ, ರೈಲಿನ ಲೆಕ್ಕ ಬಂದ್ರೆ ನಿಧಾನಕ್ಕೆ ಓದು. ಬಾಗಿಲು ನಾನು ಹಾಕೋತೀನಿ.

ನೋಡಿದ್ರಾ, ನಿಮ್ಮ ಕೆನ್ನೆ ಮುಟ್ಟಿ ಹೋದ್ಲು.

ಚಪ್ಪಲಿ ಹಾಕೋತಿದಾಳೆ. ರೀ... ಸ್ವಲ್ಪ ಕೆಮ್ಮಿ. ಒಂದೇ ಸಲ. ಬೇಡ, ಕೆಮ್ಮೋದು ಬೇಡ, ಲೋಟ ಬಡೀರಿ. ನೀವೇ ಬಡಿದ್ರೆ ಸುಳ್ಳಾಗಲ್ಲ. ನಿಮಗೂ ಅವಳು ಬೇಕಲ್ವಾ? ಅವಳಿಲ್ದೆ ನೀವು ಎಷ್ಟು ದಿನ... ಬಾಯಿ ಯಾಕೆ ಬಿಗಿ ಹಿಡೀತೀರಿ? ಬಡೀರಿ ಅಂದೆ. ಗೇಟು ತೆಗೀತಿದಾಳೆ ರೀ... ಎಲ್ಲಿ ಆ ಟೀ ಚಮಚ, ಇಲ್ಲೇ ಇತ್ತು...

ಟಣ್ ಟಣ್ ಟಣ್ ಟಣ್ ಟಣ್...

ಚೂಟಿ. ಚೂಟೀ, ಬಾರೇ, ದೊಡ್ಡಪ್ಪ ನೋಡು...

ಬಂದ್ಯಾ. ನೋಡೇ, ಏದುಸಿರು ಬಿಡ್ತಿದಾರೆ. ಈಗ ನಿಂತಿದೆ, ಈಗ ತಾನೇ ಬಿಡ್ತಿದ್ರು. ಹೋದ ವರ್ಷದ ಹಾಗೇ. ನಂಬಿಕೆ ಇಲ್ದಿದ್ರೆ ಅವರನ್ನೇ ಕೇಳು. ಕೇಳು, ಹೂಂ.

ರೀ, ‘ದೊಡ್ಡಪ್ಪ, ನೀವು ಕರೆದ್ರಾ’ ಅಂತ ಕೇಳ್ತಿದಾಳೆ. ಹೇಳಿ. ಒಂದು ಸಲ ಬಡಿದ್ರೆ ಆಯ್ತು.

ಬಡೀರಿ.

ಇನ್ನೊಂದು ಸಲ ಕೇಳೇ, ಸರಿಯಾಗಿ ಕೇಳಿಸಿಲ್ವೇನೋ... ‘ಹೋದ ವರ್ಷನೂ ನೀವು ಕರೆದ್ರಾ’ ಅಂತ ಯಾಕೆ ಕೇಳ್ತೀಯ? ಅದು ಯಾಕೆ ಈಗ? ಇವತ್ತಿಂದು ಕೇಳು ಸಾಕು. ಏನ್ರೀ, ಸುಮ್ನೆ ಸೂರು ನೋಡ್ತಿದೀರಲ್ಲ. ಚಮಚ ಕೈಲೇ ಇದೆ, ಲೋಟ ಪಕ್ಕದಲ್ಲೇ ಇದೆ. ಹೋಗ್ಲಿ, ಎರಡು ಸಲ ಬಡೀರಿ. ಇಲ್ಲ ಅನ್ನಿ. ನನ್ನನ್ನ ಸುಳ್ಳಿ ಅನ್ನಿ. ಹಾಗಂದ್ರೆ ಇವರಿಗೆ ಮರೆವು ಅಂತ ನಾನೂ ಹೇಳಬಹುದು. ಹೀಗೆ ಸುಮ್ನಿದ್ರೆ ನಾನು ಏನು ಹೇಳ್ಲಿ?

ನನ್ನ ಕೈ ಯಾಕೆ ನೋಡ್ತೀಯ ಚೂಟಿ? ಇದು ಟೀ ಚಮಚ. ಸಕ್ಕರೆ... ಸಕ್ಕರೆ ಕಲಸ್ತಿದ್ದೆ. ಲೋಟದಲ್ಲಿ ಟೀ ಇಲ್ಲ, ಹೌದು. ಗೊತ್ತು.

ಬೈಯೋ ಹಾಗಿದ್ರೆ ಬೈದುಬಿಡು. ನೀನೂ ಅವರ ಥರ ಸುಮ್ನೆ ನಿಲ್ಬೇಡ ಕಣೇ... ಅಳ್ಬೇಡ. ಅತ್ರೆ ಪ್ರಶ್ನೆ ಕಾಣಲ್ಲ. ಹೋಗು. ಹೋಗೇ, ಗೇಟು ಹಾಕ್ತಾರೆ. ಓಡು, ಬಸ್ಸು ಇನ್ನೂ ಸಿಗುತ್ತೆ.

ಹೋದ್ಲು.

ಗೇಟು ಹಾಕ್ಕೊಂಡು ಹೋದ್ಲು, ತಿರುಗಿ ನೋಡ್ಲಿಲ್ಲ... ಬಸ್ಸು ಬಂತು. ಹತ್ತಿದ್ಲು.

ರೀ, ನಿಮ್ಮ ಮುಖದ ಮೇಲೆ ಅರ್ಧ ಸೋಪು ಒಣಗ್ತಿದೆ. ತೊಳೀಬೇಕು ಅಂದ್ರೆ ಎತ್ತಿ ಕೂರಿಸಬೇಕು. ಚೂಟಿ ಮೊದಲು ಎಲ್ಲಿ ಹಿಡ್ಕೋತಾಳೆ? ಇಷ್ಟು ದಿನ ನೋಡಿದೀನಿ, ಈಗ ನೆನಪಾಗ್ತಿಲ್ಲ. ಎಡಗೈ ಹಿಡೀಬೇಕಾ?

ಬಲಗೈನಾ?

ಬೆನ್ನ ಹಿಂದೆ ಕೈ ಹಾಕೋದಾ? ಅವಳಿಗೆ ಹೇಳಿಕೊಡ್ತಿದ್ರಲ್ಲ, ನನಗೂ ಹೇಳಿ. ನಿಧಾನಕ್ಕೆ ಓದ್ತೀನಿ. ಎಡಗೈ... ಬಲಗೈ... ಬೆನ್ನು... ಭುಜ... ಸರಿಯಾದ್ರೆ ಒಂದು ಸಲ. ತಪ್ಪಾದ್ರೆ ಎರಡು ಸಲ ಬಡೀರಿ, ಬೇಜಾರಿಲ್ಲ, ನನಗೆ ಯಾವಾಗಲೂ ಎರಡೇ ಅಲ್ವಾ.

ರೀ... ಏನಾದ್ರೂ ಬಡೀರಿ.